10ಕ್ಕೆ 10 ಕೂಡಲಿಲ್ಲ: ವಿಜಯಪುರದ ಒಂದು ಗ್ರಾವೆಲ್ ಸೈಕಲ್‌ನ ಗೇರ್ ಪ್ರಕರಣ

ಶಿಫ್ಟರ್ (ಹ್ಯಾಂಡಲ್ ಮೇಲಿನ ಗೇರ್ ಲಿವರ್) 10 ಸ್ಪೀಡ್‌ನದು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ 10 ಸ್ಪೀಡ್‌ನದು. ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಗುಂಪು), ಚೈನ್ ಕೂಡ 10 ಸ್ಪೀಡ್‌ನವೇ. ಎಲ್ಲದರ ಮೇಲೂ ಶಿಮಾನೊ ಅಂತ ಒಂದೇ ಕಂಪನಿಯ ಹೆಸರು. ಆದರೂ ಗೇರ್ ಕೂರುತ್ತಿರಲಿಲ್ಲ.

ತೊಂದರೆ ಕಾಣಿಸುತ್ತಿದ್ದ ರೀತಿಯೂ ವಿಚಿತ್ರವಾಗಿತ್ತು. ಚಿಕ್ಕ ಚಕ್ರದಿಂದ ಶುರು ಮಾಡಿದರೆ ಮೊದಲ ಕ್ಲಿಕ್ಕಿಗೆ ಚೈನ್ ಗೊಣಗುತ್ತಾ ಹೇಗೋ ಏರುತ್ತಿತ್ತು. ಎರಡನೆಯದಕ್ಕೆ ಎರಡು ಚಕ್ರಗಳ ನಡುವೆ ಸಿಕ್ಕಿಕೊಂಡು ಕರಕರ ಅನ್ನುತ್ತಿತ್ತು. ಮೂರನೆಯದಕ್ಕೆ ಸದ್ದಿಲ್ಲದೆ ಕೂರುತ್ತಿತ್ತು. ಐದಕ್ಕೆ ಮತ್ತೆ ಕರಕರ, ಏಳಕ್ಕೆ ಮತ್ತೆ ಸರಿ. ಒಂಬತ್ತೂ ಕ್ಲಿಕ್ ಮುಗಿದಾಗ ಚೈನ್ ಇನ್ನೂ ಏಳನೇ ಚಕ್ರದ ಹತ್ತಿರವೇ ಇರುತ್ತಿತ್ತು. ಏರಿಗೆ ಬೇಕಾದ ದೊಡ್ಡ ಮೂರು ಚಕ್ರಗಳನ್ನು ಅದು ಮುಟ್ಟಲೇ ಇಲ್ಲ.

ನಡುನಡುವೆ ಕೆಲವು ಗೇರ್ ಸರಿಯಾಗಿ ಕೂರುತ್ತಿದ್ದುದೇ ಎಲ್ಲರ ದಾರಿ ತಪ್ಪಿಸಿತು. ಪೂರ್ತಿ ಹೊಂದದ ಸಾಮಾನಾಗಿದ್ದರೆ ಒಂದೂ ಗೇರ್ ಬೀಳಬಾರದಿತ್ತು ಅಂತ ಅಂಗಡಿಯವರ ಲೆಕ್ಕ. ಹಾಗಾಗಿ ಇದು ಟ್ಯೂನಿಂಗ್ ಕೆಲಸ ಅಂತ ತಿಳಿದು ತಿರುಪು ತಿರುಗಿಸಿದರು, ಕೇಬಲ್ ಬದಲಿಸಿದರು, ಡಿರೇಲರ್ ನೇತುಹಾಕುವ ಹ್ಯಾಂಗರ್ ನೇರ ಮಾಡಿದರು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿರುವುದಕ್ಕೆ ಕಾರಣ ಇದೆ. ಹಳೆಯ ಸಾಮಾನು ಒಂದಿಷ್ಟು, ಹೊಸದು ಒಂದಿಷ್ಟು ಕೂಡಿಸಿ ತಮ್ಮದೇ ಗ್ರಾವೆಲ್ ಸೈಕಲ್ (ಗರಸಿನ ದಾರಿಗೆ ಹೊಂದುವ, ಬಾಗಿದ ಹ್ಯಾಂಡಲ್ಲಿನ ಸೈಕಲ್) ಕಟ್ಟುವ ಆಸೆ ಇರುವವರು ಬಹಳ ಜನ ಇದೇ ಜಾಗದಲ್ಲಿ ಮುಗ್ಗರಿಸುತ್ತಾರೆ. ಡಬ್ಬಿಯ ಮೇಲಿನ ಸ್ಪೀಡ್ ನೋಡಿ ರೊಕ್ಕ ಹಾಕುತ್ತಾರೆ. ನೋಡಬೇಕಾದದ್ದು ಬೇರೆ ಎರಡು ಅಂಕಿ. ಆ ಎರಡನ್ನು ಗುಣಿಸಲು ಒಂದು ನಿಮಿಷ ಸಾಕು.

ಸೈಕಲ್ ಯಾರದು, ದಾರಿ ಎಂಥದು

ಸೈಕಲ್ ಒಬ್ಬ ಹೈಸ್ಕೂಲ್ ಮಾಸ್ತರರದು. ಮನೆ ವಿಜಯಪುರದಲ್ಲಿ, ಶಾಲೆ ಬಬಲೇಶ್ವರ ಕಡೆಯ ಹಳ್ಳಿಯಲ್ಲಿ. ಡಾಂಬರ್ ರಸ್ತೆ ಬಿಟ್ಟ ಮೇಲೆ ಅವರ ದಾರಿ ಕಾಲುವೆ ದಂಡೆ ಹಿಡಿಯುತ್ತದೆ. ಮುಳವಾಡ ಏತ ನೀರಾವರಿಯ ಕಾಲುವೆಗಳು ಬಂದ ಮೇಲೆ ಈ ಭಾಗದಲ್ಲಿ ದಂಡೆಗುಂಟ ಗರಸಿನ ರಸ್ತೆಗಳು ಹುಟ್ಟಿಕೊಂಡಿವೆ. ಲಾರಿಗಳ ಕಾಟ ಇಲ್ಲ, ಸೈಕಲ್ ತುಳಿಯುವವರಿಗೆ ಇದಕ್ಕಿಂತ ಚೆಂದದ ದಾರಿ ಬೇಡ. ಆದರೆ ಕಡಿ ಎದ್ದಿರುತ್ತದೆ, ಜಾಲಿ ಮುಳ್ಳು ಬಿದ್ದಿರುತ್ತದೆ, ಮಳೆ ಬಂತೆಂದರೆ ಪಕ್ಕದ ಎರಿ ಹೊಲದ ಮಣ್ಣು ದಾರಿಗೆ ಇಳಿಯುತ್ತದೆ. ಎರಿ ಮಣ್ಣಿನಲ್ಲಿ ಸೈಕಲ್ ಹೊಡೆದವರಿಗೆ ಗೊತ್ತು, ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿ ಮತ್ತು ಫ್ರೇಮ್ ನಡುವಿನ ಜಾಗ ತುಂಬಿ ಗಾಲಿಯೇ ತಿರುಗುವುದಿಲ್ಲ. ಇಲ್ಲಿ 32 ಮಿ.ಮೀ. ಟಾಯರ್ ನಡೆಯುವುದಿಲ್ಲ. ಮಾಸ್ತರರು 40 ಮಿ.ಮೀ. ಟಾಯರ್ ಹಾಕಿ, ಅದರ ಸುತ್ತ ಇನ್ನೂ ಬೆರಳು ತೂರುವಷ್ಟು ಜಾಗ ಇರುವ ಫ್ರೇಮ್ ಹುಡುಕಿದ್ದು ಸರಿಯಾದ ನಿರ್ಧಾರ.

ಫ್ರೇಮ್ ಕ್ರೋಮೋಲಿ ಸ್ಟೀಲಿನದು, ಸೆಕೆಂಡ್ ಹ್ಯಾಂಡ್, ಡಿಸ್ಕ್ ಬ್ರೇಕಿಗೆ ಜಾಗ ಇರುವಂಥದ್ದು. ಗಾಲಿ 700ಸಿ. ಹಿಂದಿನ ಹಬ್ 8, 9, 10 ಸ್ಪೀಡ್ ಕ್ಯಾಸೆಟ್ ಹಿಡಿಯುವ ಶಿಮಾನೊ ಮಾದರಿಯದು.

ಶಿಫ್ಟರ್ ಸಿಕ್ಕಿದ್ದು ಊರಲ್ಲೇ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ರಾಷ್ಟ್ರ ಮಟ್ಟದ ಸೈಕ್ಲಿಂಗ್‌ನಲ್ಲಿ ಮೊದಲಿಂದಲೂ ಹೆಸರು ಮಾಡಿದವರು. ಅದಕ್ಕೇ ಇಲ್ಲಿ ರೋಡ್ ಸೈಕಲ್ಲಿನ ಒಳ್ಳೆಯ ಹಳೆ ಸಾಮಾನು ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ರೇಸ್ ಬಿಟ್ಟ ಹುಡುಗನೊಬ್ಬನಿಂದ ಮಾಸ್ತರರಿಗೆ ಶಿಮಾನೊದ ರೋಡ್ ಸೈಕಲ್ ಸಾಮಾನು ಟಿಯಾಗ್ರ 4600 ಸರಣಿಯ ಶಿಫ್ಟರ್ ಜೋಡಿ ಸಿಕ್ಕಿತು. ಬ್ರೇಕ್ ಲಿವರ್ ಮತ್ತು ಗೇರ್ ಒಂದರಲ್ಲೇ ಇರುವ, ಬಾಗಿದ ಹ್ಯಾಂಡಲ್ಲಿಗೆ ಹಾಕುವ ಶಿಫ್ಟರ್. ಕ್ಲಿಕ್ ಗಟ್ಟಿಯಾಗಿತ್ತು, ರಬ್ಬರ್ ಮಾತ್ರ ಸವೆದಿತ್ತು.

ಆ ಶಿಫ್ಟರಿನ ಜೋಡಿ ಡಿರೇಲರ್ ರೋಡ್ ಸೈಕಲ್ಲಿನದು. 36 ಹಲ್ಲಿನ ಚಕ್ರಕ್ಕೆ ಅದು ಮಾಡಿದ್ದಲ್ಲ. ಮಾಸ್ತರರಿಗೆ ಗರಸಿನ ದಾರಿಗೆ, ಬೆನ್ನ ಮೇಲಿನ ಪುಸ್ತಕದ ಚೀಲಕ್ಕೆ, ಮುಂಗಾರಿನ ಎದುರುಗಾಳಿಗೆ 11-36 ಕ್ಯಾಸೆಟ್ (ಚಿಕ್ಕ ಚಕ್ರಕ್ಕೆ 11 ಹಲ್ಲು, ದೊಡ್ಡದಕ್ಕೆ 36) ಬೇಕಿತ್ತು. ಹಾಗಾಗಿ ಹೊಸದಾಗಿ ಒಂದು ಎಂಟಿಬಿ (ಗುಡ್ಡಗಾಡು ಸೈಕಲ್) ಡಿರೇಲರ್ ತರಿಸಿದರು. ಡಿಯೋರ್ ಎಂ6000, 10 ಸ್ಪೀಡ್. ಚೈನ್ ಕುಣಿಯದಂತೆ ಹಿಡಿಯುವ ಕ್ಲಚ್ ಕೂಡ ಅದರಲ್ಲಿದೆ. ಡಿರೇಲರ್ ಒಳ್ಳೆಯದೇ. ಈ ಶಿಫ್ಟರಿಗೆ ಮಾತ್ರ ಅದು ಹೊಂದುವುದಿಲ್ಲ.

ಅಳತೆ

ನನ್ನನ್ನು ಕರೆಸಿದಾಗ ಸೈಕಲ್ ಊರೊಳಗಿನ ಒಂದು ಹಳೆಯ ಅಂಗಡಿಯಲ್ಲಿ ಸ್ಟ್ಯಾಂಡಿಗೆ ನೇತಾಡುತ್ತಿತ್ತು. ಅಂಗಡಿಯ ಕಾಕಾ ಗೇರ್ ಸೈಕಲ್ಲು ಊರಿಗೆ ಬಂದಾಗಿನಿಂದ ರಿಪೇರಿ ಮಾಡಿದವರು. ಅವರ ಕೈಗುಣದ ಮೇಲೆ ನನಗೆ ಯಾವತ್ತೂ ಅನುಮಾನ ಇಲ್ಲ.

"ಅದೂ ಹತ್ತು, ಇದೂ ಹತ್ತು. ಮತ್ಯಾಕ ಕೂಡವಲ್ದು ಅಂತೀನಿ ನಾ," ಅಂದರು.

ಮಾಸ್ತರರ ಚಿಂತೆ ಬೇರೆ. "ಹೊಸಾ ಸಾಮಾನ್ರಿ. ರೊಕ್ಕ ಹಾಕೀನಿ. ಇದನ್ನ ಹೆಂಗರ ಮಾಡಿ ಕೂಡಸ್ಲಿಕ್ಕೆ ಬರಂಗಿಲ್ಲೇನು?"

ಟ್ಯೂನಿಂಗ್ ಪೂರ್ತಿ ಪಕ್ಕಕ್ಕಿಟ್ಟು ಮೊದಲು ಅಳತೆ ತೆಗೆಯೋಣ ಅಂದೆ. ಡಿರೇಲರ್‌ನಿಂದ ಕೇಬಲ್ ಬಿಚ್ಚಿದೆವು. ಬಿಚ್ಚಿದ ಕೇಬಲ್ ತುದಿಯನ್ನು ಕಾಕಾ ಇಕ್ಕಳದಲ್ಲಿ ಹಿಡಿದು ಬಿಗಿಯಾಗಿ ಎಳೆದುಕೊಂಡು ನಿಂತರು. ಹೊರಕವಚ ಮುಗಿಯುವ ಜಾಗದಿಂದ ಸ್ವಲ್ಪ ಆಚೆ, ಒಳಗಿನ ತಂತಿಗೆ ಕರಿ ಟೇಪಿನ ಸಣ್ಣ ಚೂರು ಅಂಟಿಸಿದೆ. ಕವಚದ ತುದಿಯಿಂದ ಟೇಪಿನ ಅಂಚಿನವರೆಗೆ ವರ್ನಿಯರ್ ಇಟ್ಟು ಬರೆದುಕೊಂಡೆ. ಆಮೇಲೆ ಮಾಸ್ತರರು ಶಿಫ್ಟರಿನ ಒಂಬತ್ತೂ ಕ್ಲಿಕ್ ಒತ್ತಿದರು. ಒಂದೊಂದು ಕ್ಲಿಕ್ಕಿಗೂ ಟೇಪು ಚೂರುಚೂರೇ ಕವಚದ ಕಡೆ ಸರಿಯಿತು. ಮತ್ತೆ ಅಳೆದರೆ ವ್ಯತ್ಯಾಸ 21 ಮಿ.ಮೀ.ಗೆ ಕೂದಲೆಳೆ ಕಡಿಮೆ.

ಈಗ ಇನ್ನೊಂದು ಬದಿ. ಕೇಬಲ್ಲನ್ನು ಡಿರೇಲರಿಗೆ ಮತ್ತೆ ಬಿಗಿದು, ಶಿಫ್ಟರನ್ನು ಲೆಕ್ಕಕ್ಕೆ ಹಿಡಿಯದೆ, ತಂತಿಯನ್ನು ಕೈಯಿಂದಲೇ ಎಳೆದೆವು. ಡಿರೇಲರಿನ ಮೇಲಿನ ಪುಟ್ಟ ಗಾಲಿ ಚಿಕ್ಕ ಚಕ್ರದ ಕೆಳಗಿನಿಂದ ಹೊರಟು ದೊಡ್ಡ ಚಕ್ರದ ಕೆಳಗೆ ನೇರವಾಗಿ ಬಂದು ನಿಲ್ಲುವವರೆಗೆ. ಟೇಪು ಸರಿದದ್ದು 30 ಮಿ.ಮೀ. ಹತ್ತಿರ.

ಕಾಕಾ ಇಕ್ಕಳ ಕೆಳಗಿಟ್ಟರು. "ಇಂವಾ ಕೊಡೋದು ಇಪ್ಪತ್ತೊಂದು, ಅಂವಾ ಬೇಡೋದು ಮೂವತ್ತು. ಹೆಂಗ ಕೂಡ್ಬೇಕ್ರಿ ಇದು?"

ರೋಗ ಸಿಕ್ಕಿತ್ತು. 9 ಮಿ.ಮೀ. ಕೊರತೆಯನ್ನು ಯಾವ ತಿರುಪೂ ತುಂಬುವುದಿಲ್ಲ. ಅಡ್ಜಸ್ಟರ್ ತಿರುಪು ಕೇಬಲ್ಲಿನ ಆರಂಭದ ಬಿಗಿ ಬದಲಿಸುತ್ತದೆ. ಒಂದು ಕ್ಲಿಕ್ಕಿಗೆ ಎಷ್ಟು ಎಳೆಯಬೇಕು ಅನ್ನುವುದು ಶಿಫ್ಟರಿನ ಹೊಟ್ಟೆಯೊಳಗೆ ಕೊರೆದಿಟ್ಟ ಅಳತೆ, ಅದಕ್ಕೆ ಹೊರಗಿನಿಂದ ಕೈ ಹಾಕಲು ಆಗುವುದಿಲ್ಲ.

ಗುಣಾಕಾರ

ನೋಡಬೇಕಾದ ಎರಡು ಅಂಕಿ ಇವು. ಒಂದು, ಒಂದು ಕ್ಲಿಕ್ಕಿಗೆ ಶಿಫ್ಟರ್ ಎಷ್ಟು ಕೇಬಲ್ ಎಳೆಯುತ್ತದೆ. ಎರಡು, 1 ಮಿ.ಮೀ. ಕೇಬಲ್ ಎಳೆದರೆ ಡಿರೇಲರ್ ಎಷ್ಟು ಸರಿಯುತ್ತದೆ, ಇದೇ ಡಿರೇಲರಿನ ಅನುಪಾತ. ಎರಡನ್ನೂ ಗುಣಿಸಿದರೆ ಕ್ಯಾಸೆಟ್ಟಿನ ಒಂದು ಚಕ್ರದಿಂದ ಪಕ್ಕದ ಚಕ್ರಕ್ಕೆ ಇರುವ ದೂರ ಬರಬೇಕು. 10 ಸ್ಪೀಡ್ ಕ್ಯಾಸೆಟ್ಟಿನಲ್ಲಿ ಆ ದೂರ 3.95 ಮಿ.ಮೀ. ರೋಡಿನದಾದರೂ ಎಂಟಿಬಿಯದಾದರೂ ಅಷ್ಟೇ. ಕ್ಯಾಸೆಟ್ಟು, ಚೈನು ಇಲ್ಲಿ ತಕರಾರು ಮಾಡುವ ಸಾಮಾನಲ್ಲ.

ಟಿಯಾಗ್ರ 4600 ಒಂದು ಕ್ಲಿಕ್ಕಿಗೆ 2.3 ಮಿ.ಮೀ. ಎಳೆಯುತ್ತದೆ. ಡಿಯೋರ್ 10 ಸ್ಪೀಡ್ ಡಿರೇಲರಿನ ಅನುಪಾತ 1.2. ಗುಣಿಸಿದರೆ 2.76. ಬೇಕಾದದ್ದು 3.95. ಅಂದರೆ ಪ್ರತಿ ಕ್ಲಿಕ್ಕಿಗೂ ಚೈನ್ ಮುಕ್ಕಾಲು ಹೆಜ್ಜೆಯೂ ಇಡುವುದಿಲ್ಲ. ಎರಡು ಕ್ಲಿಕ್ಕಿಗೆ 5.5 ಮಿ.ಮೀ., ಅದು ಎರಡನೇ ಮತ್ತು ಮೂರನೇ ಚಕ್ರದ ನಡುವಿನ ಜಾಗ, ಅದಕ್ಕೇ ಕರಕರ. ಮೂರು ಕ್ಲಿಕ್ಕಿಗೆ 8.3, ಅದು ಮೂರನೇ ಚಕ್ರಕ್ಕೆ ಬೇಕಾದ 7.9ಕ್ಕೆ ಹತ್ತಿರ, ಅದಕ್ಕೇ ಸರಿ. ಐದಕ್ಕೆ, ಎಂಟಕ್ಕೆ ಮತ್ತೆ ನಡುವೆ. ಒಂಬತ್ತು ಕ್ಲಿಕ್ಕಿಗೆ ಒಟ್ಟು 25 ಮಿ.ಮೀ. ಒಳಗೆ. ಕ್ಯಾಸೆಟ್ ಪೂರ್ತಿ ದಾಟಲು 35 ಮಿ.ಮೀ.ಗಿಂತ ಜಾಸ್ತಿ ಬೇಕು. ಸ್ಟ್ಯಾಂಡಿನ ಮೇಲೆ ಕೇಳಿಸಿದ ಒಂದೊಂದು ಸದ್ದಿಗೂ ಈ ಲೆಕ್ಕದಲ್ಲಿ ಜಾಗ ಇದೆ.

ಕಾಕಾ ನಂಬಿದ್ದು ತಪ್ಪೇನಲ್ಲ, ಅದು ಒಂದು ಕಾಲಕ್ಕೆ ಪೂರ್ತಿ ನಿಜವಾಗಿತ್ತು. 8, 9 ಸ್ಪೀಡ್ ಕಾಲದಲ್ಲಿ ಶಿಮಾನೊದ ಹಿಂದಿನ ಡಿರೇಲರ್‌ಗಳಲ್ಲಿ, ಹಳೆಯ 7400 ಸರಣಿಯ ಡ್ಯೂರಾ-ಏಸ್ ಬಿಟ್ಟರೆ, ರೋಡ್, ಎಂಟಿಬಿ ಅನ್ನುವ ಭೇದ ಇರಲಿಲ್ಲ. ಎಲ್ಲದರ ಅನುಪಾತ 1.7. ಯಾವುದಕ್ಕೆ ಯಾವುದು ಹಾಕಿದರೂ ನಡೆಯುತ್ತಿತ್ತು. 2010ರ ಸುಮಾರಿಗೆ ಎಂಟಿಬಿ 10 ಸ್ಪೀಡಿಗೆ ಬಂದಾಗ ಶಿಮಾನೊ ಅನುಪಾತವನ್ನು 1.2ಕ್ಕೆ ಇಳಿಸಿ, ಶಿಫ್ಟರ್ ಜಾಸ್ತಿ ಕೇಬಲ್ ಎಳೆಯುವಂತೆ ಮಾಡಿತು. ಡೈನಾ-ಸಿಸ್ ಅಂತ ಹೆಸರು. ರೋಡ್ 10 ಸ್ಪೀಡ್ ಮಾತ್ರ ಆಗ 1.7ರಲ್ಲೇ ಉಳಿಯಿತು. ಮುಂದೆ ರೋಡ್ 11 ಸ್ಪೀಡ್ ಬಂದು ಅನುಪಾತ 1.4 ಆಯಿತು. ಟಿಯಾಗ್ರ 4700, ಗ್ರಾವೆಲ್ ಸೈಕಲ್ಲಿಗೆ ಮಾಡಿದ ಜಿಆರ್‌ಎಕ್ಸ್ 400 ಎರಡೂ 10 ಸ್ಪೀಡ್ ಆದರೂ ಈ 1.4ರ ಗುಂಪಿಗೆ ಸೇರಿದವು. ಹೀಗೆ ಶಿಮಾನೊ ಒಂದರಲ್ಲೇ ಮೂರು ಬಗೆಯ 10 ಸ್ಪೀಡ್ ಇವೆ. ಟಿಯಾಗ್ರ 4600 ಮತ್ತು 4700, ಹೆಸರು ಒಂದೇ, ಸ್ಪೀಡ್ ಒಂದೇ, ಆದರೆ ಒಂದರ ಶಿಫ್ಟರ್ ಇನ್ನೊಂದರ ಡಿರೇಲರಿಗೆ ಹೊಂದುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸಾಮಾನಿನ ಒಳಬದಿಯಲ್ಲಿ ಅಚ್ಚಾದ ಮಾದರಿ ಸಂಖ್ಯೆ ಓದದೆ ರೊಕ್ಕ ಕೊಡಬಾರದು.

ಈ ಅಂಕಿಗಳು ಸುತ್ತಿನ ಅಂಕಿಗಳು. ಡಿರೇಲರ್ ಸರಿಯುವಾಗ ಅನುಪಾತ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ. ಗುಣಾಕಾರ 3.9 ಬಂದರೂ 4.05 ಬಂದರೂ ಗೇರ್ ಕೂರುತ್ತದೆ. 3.7 ಬಂದರೆ ಅನುಮಾನ. 3.4 ಬಂದರೆ ಬಿಟ್ಟುಬಿಡಿ.

ಮುಂದಿದ್ದ ದಾರಿಗಳು

ಮಾಸ್ತರರ ಮೊದಲ ಆಸೆ ಡಿಯೋರ್ ಉಳಿಸಿಕೊಳ್ಳುವುದು. ಅದಕ್ಕೆ ಹೊಂದುವ ಶಿಫ್ಟರ್ ಒಂದು ಕ್ಲಿಕ್ಕಿಗೆ 3.4 ಮಿ.ಮೀ. ಎಳೆಯಬೇಕು. ಆ ಎಳೆತದ ಶಿಫ್ಟರ್‌ಗಳನ್ನು ಶಿಮಾನೊ ನೇರ ಹ್ಯಾಂಡಲ್ಲಿಗೆ ಮಾಡುತ್ತದೆ, ಬಾಗಿದ ಹ್ಯಾಂಡಲ್ಲಿಗೆ ಮಾಡಿಲ್ಲ. ಟಿಯಾಗ್ರ 4700 ತಂದರೂ 2.8 ಗುಣಿಸು 1.2, ಬರುವುದು 3.36. ಬೇರೆ ಕಂಪನಿಯಾದ ಸ್ರಾಮ್‌ನ 10 ಸ್ಪೀಡ್ ಶಿಫ್ಟರ್ 3.1 ಎಳೆಯುತ್ತದೆ, ಡಿಯೋರಿನ ಜೊತೆ 3.72. ಈ ಕೊನೆಯದು ಆಸೆ ಹುಟ್ಟಿಸುವ ಅಂಕಿ. ಮೊದಲ ಮೂರು ನಾಲ್ಕು ಗೇರ್ ಸರಿಯಾಗಿಯೇ ಬೀಳಬಹುದು. ಆದರೆ ಕ್ಲಿಕ್ಕಿಗೆ ಕಾಲು ಮಿ.ಮೀ.ನಷ್ಟು ಕೊರತೆ ಒಂಬತ್ತು ಕ್ಲಿಕ್ ಸೇರಿ 2 ಮಿ.ಮೀ. ದಾಟುತ್ತದೆ, ಅಂದರೆ ಅರ್ಧ ಚಕ್ರ. ಏರಿನಲ್ಲಿ, ಸುಸ್ತಾದ ಹೊತ್ತಲ್ಲಿ ಕೈಕೊಡುವ ಗೇರ್ ಅದು. ನಾನು ಬೇಡ ಅಂದೆ.

ಶಿಫ್ಟರ್ ಮತ್ತು ಡಿರೇಲರ್ ಎರಡನ್ನೂ ಇಟ್ಟುಕೊಂಡು ನಡುವೆ ಒಂದು ಪುಟ್ಟ ರಾಟೆ ಕೂರಿಸುವ ದಾರಿ ಇದೆ. ವುಲ್ಫ್ ಟೂತ್ ಕಂಪನಿಯ ಟ್ಯಾನ್‌ಪ್ಯಾನ್ ಇದಕ್ಕಾಗಿಯೇ ಮಾಡಿದ್ದು. ಶಿಫ್ಟರಿನಿಂದ ಬಂದ ಕೇಬಲ್ ಚಿಕ್ಕ ಸುತ್ತಿನ ರಾಟೆಗೆ, ಡಿರೇಲರಿಗೆ ಹೋಗುವ ಕೇಬಲ್ ದೊಡ್ಡ ಸುತ್ತಿನ ರಾಟೆಗೆ. ಸಣ್ಣ ಎಳೆತ ದೊಡ್ಡ ಎಳೆತವಾಗುತ್ತದೆ. ಉಪಾಯ ಒಳ್ಳೆಯದು, ಕ್ಲಚ್ ಕೂಡ ಉಳಿಯುತ್ತದೆ. ಒಣ ನೆಲದವರಿಗೆ ನಾನೇ ಇದನ್ನು ಹೇಳಿಯೇನು. ಆದರೆ ಹೊರದೇಶದಿಂದ ತರಿಸಬೇಕು, ಮತ್ತೆ ಅದು ಕೂರುವುದು ಡಿರೇಲರಿನ ಹತ್ತಿರ, ಎರಿ ಮಣ್ಣು ಸಿಡಿದು ಬೀಳುವ ಜಾಗದಲ್ಲಿ. ಇಲ್ಲಿ ಕೆಟ್ಟರೆ ಬದಲಿ ಸಾಮಾನು ಬರುವವರೆಗೆ ಸೈಕಲ್ ಮೂಲೆಗೆ.

ಕೇಬಲ್ಲನ್ನು ಡಿರೇಲರಿನ ಬೋಲ್ಟಿನ ಇನ್ನೊಂದು ಮಗ್ಗುಲಲ್ಲಿ ಬಿಗಿದು ಅನುಪಾತ ಬದಲಿಸುವ ಹಳೆಯ ಚಾಲಾಕಿಯೂ ಇದೆ. ಸಣ್ಣ ವ್ಯತ್ಯಾಸಕ್ಕೆ ನಡೆಯುತ್ತದೆ. ಇಲ್ಲಿನ ಅಂತರ ಅದಕ್ಕೆ ನಿಲುಕುವಂಥದ್ದಲ್ಲ. ರೋಡ್ ಡಿರೇಲರನ್ನೇ ಹ್ಯಾಂಗರ್ ಉದ್ದ ಮಾಡುವ ತುಂಡಿನಿಂದ ಕೆಳಗಿಳಿಸಿ 36 ಹಲ್ಲು ದಾಟಿಸಬಹುದು. ಆಗ ಡಿರೇಲರ್ ಚಿಕ್ಕ ಚಕ್ರಗಳಿಂದ ದೂರ ಹೋಗಿ ಗೇರ್ ಮಂದವಾಗುತ್ತದೆ.

ಉಳಿದದ್ದು 9 ಸ್ಪೀಡ್ ಎಂಟಿಬಿ ಡಿರೇಲರ್. ಅನುಪಾತ ಹಳೆಯ 1.7. ನಮ್ಮ ಶಿಫ್ಟರಿನ 2.3 ಗುಣಿಸು 1.7, ಉತ್ತರ 3.91. ಕ್ಯಾಸೆಟ್ ಪೂರ್ತಿ ದಾಟಲು ಅದು ಬೇಡುವ ಕೇಬಲ್ ಸುಮಾರು 21 ಮಿ.ಮೀ. ಅಂದು ಟೇಪು ಸರಿದದ್ದೂ ಅಷ್ಟೇ ಅಲ್ವಾ? 9 ಸ್ಪೀಡ್ ಡಿರೇಲರ್ 10 ಸ್ಪೀಡ್ ಚೈನ್ ಹೇಗೆ ನಡೆಸುತ್ತೆ ಅಂತ ಮಾಸ್ತರರು ಕೇಳಿದರು. ಡಿರೇಲರಿಗೆ ಎಣಿಕೆ ಬರುವುದಿಲ್ಲ. ಎಷ್ಟು ಎಳೆದರೆ ಅಷ್ಟು ಸರಿಯುವುದು ಅದರ ಕೆಲಸ, ಎಣಿಸುವುದು ಶಿಫ್ಟರಿನ ಕೆಲಸ. ಪುಟ್ಟ ಗಾಲಿಗಳ ದಪ್ಪ 9ರ ಚೈನಿಗೂ 10ರ ಚೈನಿಗೂ ತೊಂದರೆ ಕೊಡದಷ್ಟು ಹತ್ತಿರ ಇರುತ್ತದೆ.

ಶಿಮಾನೊದ 9 ಸ್ಪೀಡ್ ಎಂಟಿಬಿ ಡಿರೇಲರ್ ಆಲಿವಿಯೋ ಎಂ3100 ತರಿಸಿದೆವು. 36 ಹಲ್ಲಿನವರೆಗೆ ಅದನ್ನು ಕಂಪನಿಯೇ ಒಪ್ಪುತ್ತದೆ. ಬೆಲೆಯೂ ಡಿಯೋರಿಗಿಂತ ಬಹಳ ಕಡಿಮೆ. ನಿಜ ಹೇಳಬೇಕೆಂದರೆ, ಮಾಸ್ತರರು ಶಿಫ್ಟರ್ ಕೂಡ ಹೊಸದೇ ಕೊಳ್ಳುವುದಿದ್ದರೆ ನಾನು 9 ಸ್ಪೀಡ್ ರೋಡ್ ಶಿಫ್ಟರ್ ಸೋರಾ ಆರ್3000 ಮತ್ತು ಇದೇ ಆಲಿವಿಯೋ ಹೇಳುತ್ತಿದ್ದೆ. 2.5 ಗುಣಿಸು 1.7, 4.25. 9 ಸ್ಪೀಡ್ ಕ್ಯಾಸೆಟ್ಟಿಗೆ ಬೇಕಾದದ್ದು 4.35. ಚೈನ್, ಕ್ಯಾಸೆಟ್ ಎರಡೂ ಸಣ್ಣ ಊರಲ್ಲೂ ಸಿಗುತ್ತವೆ, ಮಣ್ಣಿಗೂ ಒಂದಿಷ್ಟು ಜಾಸ್ತಿ ತಡೆಯುತ್ತವೆ. ಆದರೆ ಕೈಯಲ್ಲಿ ಗಟ್ಟಿಮುಟ್ಟಾದ 4600 ಇರುವಾಗ ಅದನ್ನು ಬಿಟ್ಟು ಇನ್ನೊಂದಕ್ಕೆ ರೊಕ್ಕ ಹಾಕಿ ಅನ್ನಲು ಮನಸ್ಸು ಬರಲಿಲ್ಲ.

ಕಟ್ಟುವಾಗ ಕಂಡದ್ದು

1.7ಕ್ಕೆ ಒಂದು ಬೆಲೆ ಇದೆ, ಅದನ್ನು ತಿಳಿದೇ ಕಟ್ಟಬೇಕು. ಕೇಬಲ್ ಎಲ್ಲೋ ಧೂಳು ಹಿಡಿದು ಅರ್ಧ ಮಿ.ಮೀ. ತಡೆದರೆ ಡಿಯೋರ್ 0.6 ಮಿ.ಮೀ. ತಪ್ಪುತ್ತದೆ, ಆಲಿವಿಯೋ 0.85 ತಪ್ಪುತ್ತದೆ. ಎಂಟಿಬಿಗೆ ಅನುಪಾತ ಇಳಿಸಿದ್ದರ ಲಾಭ ಇದೇ, ಕೆಸರು ಹಿಡಿದ ಕೇಬಲ್ಲಿನ ತಪ್ಪು ಗೇರಿನವರೆಗೆ ಕಡಿಮೆಯಾಗಿ ತಲುಪುತ್ತದೆ. ನಾವು ಆ ಲಾಭ ಬಿಟ್ಟುಕೊಟ್ಟು ಹಳೆಯ ಅನುಪಾತಕ್ಕೆ ಹೋಗುತ್ತಿದ್ದೆವು, ಅದೂ ವಿಜಯಪುರದ ಧೂಳಿನಲ್ಲಿ. ಹಾಗಾಗಿ ಕೇಬಲ್ಲಿನ ಮೇಲೆ ಕಂಜೂಸತನ ಮಾಡುವಂತಿರಲಿಲ್ಲ.

ಫ್ರೇಮಿನಲ್ಲಿ ಕೇಬಲ್ ಕೆಲವು ಕಡೆ ಬರಿಮೈಯಲ್ಲಿ ಓಡುತ್ತಿತ್ತು. ಅದನ್ನು ತೆಗೆದು ಶಿಫ್ಟರಿನಿಂದ ಡಿರೇಲರಿನವರೆಗೆ ಒಂದೇ ಉದ್ದದ ಹೊರಕವಚ ಹಾಕಿದೆವು. ಈ ಕೆಲಸ ಮಾಡುವಾಗಲೇ ಇನ್ನೊಂದು ಸಂಗತಿ ಬಯಲಾಯಿತು. ಡಿರೇಲರಿಗೆ ಬರುವ ಕೊನೆಯ ತುಂಡಿನಲ್ಲಿ ಹಾಕಿದ್ದು ಬ್ರೇಕಿನ ಕವಚ. ಎರಡನ್ನೂ ಕತ್ತರಿಸಿ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಬ್ರೇಕಿನ ಕವಚದ ಒಳಗೆ ಸುರುಳಿ ಸುತ್ತಿದ ಪಟ್ಟಿ ಇರುತ್ತದೆ, 5 ಮಿ.ಮೀ. ದಪ್ಪ. ಗೇರಿನ ಕವಚ 4 ಮಿ.ಮೀ., ಒಳಗೆ ಉದ್ದುದ್ದ ಸಣ್ಣ ತಂತಿಗಳು. ಎಳೆದಾಗ ಸುರುಳಿ ಒತ್ತಿಕೊಂಡು ಗಿಡ್ಡವಾಗುತ್ತದೆ, ಆ ಗಿಡ್ಡವಾದಷ್ಟು ಕ್ಲಿಕ್ ಸುಳ್ಳಾಗುತ್ತದೆ. ಬ್ರೇಕಿಗೆ ಅದು ಲೆಕ್ಕಕ್ಕಿಲ್ಲ, ಗೇರಿಗೆ ಅದೇ ಎಲ್ಲ. ಗೇರಿಗೆ ಬ್ರೇಕ್ ಕವಚ ಹಾಕಿದರೆ ಗೇರ್ ಕೆಡುತ್ತದೆ. ಬ್ರೇಕಿಗೆ ಗೇರ್ ಕವಚ ಹಾಕಿದರೆ, ಜೋರಾಗಿ ಹಿಡಿದಾಗ ಒಳಗಿನ ತಂತಿಗಳು ಸೀಳಿ ಬಂದು ಬ್ರೇಕೇ ಹೋಗಬಹುದು. ಅದನ್ನಂತೂ ಯಾವತ್ತೂ ಮಾಡಬೇಡಿ.

ಬ್ರೇಕಿನಲ್ಲೂ ಗೇರಿನಂಥದ್ದೇ ತೊಂದರೆ ಇತ್ತು. ಮಾಸ್ತರರು ತಂದಿದ್ದ ಕೇಬಲ್ ಡಿಸ್ಕ್ ಬ್ರೇಕ್ ಎಂಟಿಬಿಯದು. ನೇರ ಹ್ಯಾಂಡಲ್ಲಿನ ಲಿವರ್ ಜಾಸ್ತಿ ಕೇಬಲ್ ಎಳೆಯುತ್ತದೆ, ರೋಡ್ ಲಿವರ್ ಕಡಿಮೆ ಎಳೆಯುತ್ತದೆ. ಹಾಗಾಗಿ 4600ರ ಲಿವರ್ ಹ್ಯಾಂಡಲ್ಲಿಗೆ ತಾಗಿದರೂ ಪ್ಯಾಡ್ ಪೂರ್ತಿ ಹಿಡಿಯುತ್ತಿರಲಿಲ್ಲ. ಟಿಆರ್‌ಪಿ ಕಂಪನಿಯ ಬ್ರೇಕಿನಲ್ಲಿ ಸ್ಪೈರ್ ರೋಡ್ ಲಿವರಿಗೆ, ಸ್ಪೈಕ್ ಎಂಟಿಬಿ ಲಿವರಿಗೆ. ಅವಿಡ್ ಬಿಬಿ7ರಲ್ಲಿ ರೋಡ್ ಅಂತಲೇ ಒಂದು, ಎಂಟಿಬಿ ಅಂತಲೇ ಒಂದು. ಹೊರಗಿನಿಂದ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ರೋಡ್ ಲಿವರಿನದನ್ನು ಹಾಕಿಸಿದೆವು. ಗೇರ್ ತಪ್ಪಿದರೆ ಇಳಿದು ತಳ್ಳಿಕೊಂಡು ಹೋಗಬಹುದು, ಬ್ರೇಕಿನ ಮಾತು ಹಾಗಲ್ಲ. ಸೈಕಲ್ ರಸ್ತೆಗೆ ಇಳಿಯುವ ಮೊದಲು ಇದನ್ನು ಸರಿ ಮಾಡಿಸಲೇಬೇಕು ಅಂತ ನಾನು ಪಟ್ಟು ಹಿಡಿದೆ.

ಮುಂದೆ ಒಂದೇ ಚಕ್ರ ಇಟ್ಟೆವು, 38 ಹಲ್ಲು. ಕ್ರ್ಯಾಂಕ್ 4 ಬೋಲ್ಟಿನ 104 ಮಿ.ಮೀ. ಅಳತೆಯದು, ಅದಕ್ಕೆ ಒಂದು ಹಲ್ಲು ದಪ್ಪ ಒಂದು ಹಲ್ಲು ತೆಳು ಇರುವ ಚಕ್ರ ಸಿಗುತ್ತದೆ. ಚೈನಿನ ಹೊರ ಕೊಂಡಿ, ಒಳ ಕೊಂಡಿಗೆ ಸರಿಯಾಗಿ ಆ ಹಲ್ಲುಗಳು ಹಿಡಿದುಕೊಳ್ಳುವುದರಿಂದ ಚೈನ್ ಸುಲಭಕ್ಕೆ ಜಾರುವುದಿಲ್ಲ. ಕ್ಲಚ್ ಇಲ್ಲದ ಡಿರೇಲರಿಗೆ ಇದು ಬೇಕೇ ಬೇಕು. ಒಳಬದಿಗೆ ಚೈನ್ ಬೀಳದಂತೆ ಒಂದು ಸಣ್ಣ ತಡೆಯನ್ನೂ ಕೂರಿಸಿದೆವು. 40 ಮಿ.ಮೀ. ಟಾಯರಿನಲ್ಲಿ ಗಾಲಿಯ ಸುತ್ತಳತೆ 2.2 ಮೀಟರ್. 38-36ರಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ 2.3 ಮೀಟರ್ ಹೋಗುತ್ತದೆ. 38-11ರಲ್ಲಿ 7.6 ಮೀಟರ್, ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 36 ಕಿ.ಮೀ. ಶಾಲೆಗೆ ಹೋಗುವವರಿಗೆ ಅದಕ್ಕಿಂತ ಮೇಲೆ ಬೇಡ. ಎಡಗೈ ಶಿಫ್ಟರ್ ಈಗ ಬರೀ ಬ್ರೇಕ್ ಹಿಡಿಯುತ್ತದೆ.

ಚೈನ್ ಉದ್ದಕ್ಕೆ ಕಾಕಾ ತಮ್ಮ ಹಳೆಯ ಪದ್ಧತಿಯನ್ನೇ ಹಿಡಿದರು. ಡಿರೇಲರ್ ಒಳಗೆ ಹಾಯಿಸದೆ ಮುಂದಿನ ಚಕ್ರಕ್ಕೂ ಹಿಂದಿನ 36ಕ್ಕೂ ಚೈನ್ ಸುತ್ತಿ, ತುದಿಗಳು ಕೂಡುವ ಜಾಗಕ್ಕೆ ಒಂದು ಹೊರ ಕೊಂಡಿ, ಒಂದು ಒಳ ಕೊಂಡಿ ಸೇರಿಸಿದರು. ಅದಕ್ಕಿಂತ ಉದ್ದ ಬಿಟ್ಟರೆ ಉದ್ದ ಕಾಲಿನ ಆಲಿವಿಯೋ ಚೈನನ್ನು ಸಡಿಲವಾಗಿ ಹಿಡಿಯುತ್ತದೆ, ಗರಸಿನಲ್ಲಿ ಫ್ರೇಮಿಗೆ ಬಡಿಯುತ್ತದೆ.

ಹ್ಯಾಂಗರ್ ನೇರ ಇದೆಯಾ ಅಂತ ಮತ್ತೊಮ್ಮೆ ನೋಡಿ, ಡಿರೇಲರ್ ಎರಡೂ ಕೊನೆ ದಾಟದಂತೆ ತಡೆಯುವ ಎರಡು ತಿರುಪು ಹೊಂದಿಸಿ, ಕೇಬಲ್ ಬಿಗಿದು ಕಾಕಾ ಪೆಡಲ್ ತಿರುಗಿಸಿದರು. ಒಂದು ಕ್ಲಿಕ್ಕಿಗೆ ಒಂದು ಚಕ್ರ. ಒಂಬತ್ತು ಕ್ಲಿಕ್ಕಿಗೆ 36ರ ಮೇಲೆ. ಅಡ್ಜಸ್ಟರನ್ನು ಅರ್ಧ ಸುತ್ತು ತಿರುಗಿಸಿದ್ದು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. "ಈಗ ಬಿತ್ ನೋಡ್ರಿ ಮಾಸ್ತರ, ಕುಂತಲ್ಲೇ ಕುಂತದ," ಅಂದರು ಕಾಕಾ. ಅವರ ಮುಖ ನೋಡಿ ನನಗೂ ಬಹಳ ಸಂತೋಷವಾಯಿತು.

ದಾರಿಯ ಮೇಲೆ

ಬೇಸಿಗೆಯ ಧೂಳಿನಲ್ಲಿ ಗೇರ್ ಚೆನ್ನಾಗಿ ನಡೆದಿದೆ. ಮಳೆಗಾಲದಲ್ಲಿ ಎರಿ ಮಣ್ಣು ಕ್ಯಾಸೆಟ್ಟಿಗೆ ಮೆತ್ತಿದಾಗ ಮಾತ್ರ ಚಿಕ್ಕ ಚಕ್ರಗಳಿಗೆ ಇಳಿಯುವುದು ತಡವಾಗುತ್ತದೆ. ಡಿರೇಲರನ್ನು ಎಳೆಯುವುದು ಕೇಬಲ್, ವಾಪಸ್ ತರುವುದು ಸ್ಪ್ರಿಂಗ್. ಕವಚದೊಳಗೆ ಕೆಸರು ನೀರು ಹೊಕ್ಕು ತಡೆದರೆ ಸ್ಪ್ರಿಂಗಿನ ಬಲ ಸಾಲುವುದಿಲ್ಲ. ಡಿರೇಲರಿಗೆ ಸೇರುವ ಕೊನೆಯ ಕವಚದ ತುದಿಗೆ ರಬ್ಬರ್ ಮೂತಿ ಇರುವ ಟೋಪಿ ಹಾಕಿದ ಮೇಲೆ ಇದು ಕಡಿಮೆಯಾಯಿತು. ಒಳಗಿನ ತಂತಿಯನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸಿಬಿಡಿ ಅಂತ ಹೇಳಿದ್ದೇನೆ. 1.2 ಮಿ.ಮೀ. ದಪ್ಪದ ತಂತಿ, ಅಗ್ಗದ ಸಾಮಾನು, ಅದಕ್ಕಾಗಿ ಗೇರ್ ಕೆಡಿಸಿಕೊಳ್ಳುವುದರಲ್ಲಿ ಅರ್ಥ ಇಲ್ಲ.

ಕ್ಲಚ್ ಇಲ್ಲದ ಕೊರತೆ ಇದ್ದೇ ಇದೆ. ಕಡಿ ಎದ್ದ ಇಳಿಜಾರಿನಲ್ಲಿ ಚೈನ್ ಬಡಿಯುವ ಸದ್ದು ಕೇಳಿಸುತ್ತದೆ. ಚೈನ್ ಬಿದ್ದಿಲ್ಲ, ಸದ್ದು ಮಾತ್ರ. ಫ್ರೇಮಿನ ಹಿಂದಿನ ಕಂಬಿಗೆ ಹಳೆಯ ಟ್ಯೂಬ್ ಕತ್ತರಿಸಿ ಸುತ್ತಿದ್ದಾರೆ. ಮಾಸ್ತರರಿಗೆ ಅದು ಒಪ್ಪಿಗೆ. ರೇಸ್ ಹೊಡೆಯುವವರು ಒಪ್ಪಲಿಕ್ಕಿಲ್ಲ.

ಇನ್ನೊಂದು ಸಣ್ಣ ಕಿರಿಕಿರಿ 4600ರದ್ದೇ. ಇದರ ಗೇರ್ ಕೇಬಲ್ ಹ್ಯಾಂಡಲ್ ಟೇಪಿನ ಒಳಗೆ ಹೋಗುವುದಿಲ್ಲ, ಲಿವರಿನ ಪಕ್ಕದಿಂದ ಹೊರಗೆ ಬಾಗಿ ಬರುತ್ತದೆ. ಮುಂದೆ ಚೀಲ ಕಟ್ಟಿದರೆ ಕೇಬಲ್ ಅದುಮಿಕೊಂಡು ಗೇರ್ ತಪ್ಪುತ್ತದೆ. ಚೀಲವನ್ನು ಫ್ರೇಮಿನ ತ್ರಿಕೋನಕ್ಕೆ ಸರಿಸಿದ ಮೇಲೆ ಆ ತೊಂದರೆ ಹೋಯಿತು.

ಡಿಯೋರ್ ವ್ಯರ್ಥವಾಗಲಿಲ್ಲ. ಮಾಸ್ತರರ ಅಣ್ಣನ ಮಗನ ನೇರ ಹ್ಯಾಂಡಲ್ಲಿನ ಸೈಕಲ್ಲಿಗೆ 10 ಸ್ಪೀಡ್ ಡಿಯೋರ್ ಶಿಫ್ಟರ್ ಜೊತೆಗೆ ಹಾಕಿದೆವು. 3.4 ಗುಣಿಸು 1.2, 4.08. ಮೊದಲ ಸುತ್ತಿಗೇ ಕೂತಿತು.

ಇನ್ನು ಮುಂದಿನ ಮಾತು 4600ರ ಆಯುಸ್ಸಿನದು. ಈ ಸರಣಿ ಬಂದದ್ದು 2011ರ ಸುಮಾರಿಗೆ. ಒಳಗಿನ ಗ್ರೀಸ್ ಗಟ್ಟಿಯಾಗಿ ಕ್ಲಿಕ್ ಹಿಡಿಯದಂತಾಗುವುದು ಇಂಥ ಹಳೆಯ ಶಿಫ್ಟರ್‌ಗಳ ಸಾಮಾನ್ಯ ಕಾಯಿಲೆ. ಆಗ ಬಿಸಾಡುವ ಮೊದಲು ಒಳಗೆ ತೆಳು ಎಣ್ಣೆ ಚೆನ್ನಾಗಿ ಬಿಟ್ಟು, ಹಳೆ ಗ್ರೀಸ್ ತೊಳೆದು ನೋಡಬೇಕು, ಎಷ್ಟೋ ಸಲ ಮತ್ತೆ ಜೀವ ಬರುತ್ತದೆ. ಬರದಿದ್ದರೆ ಮಾಸ್ತರರ ಮುಂದೆ ಎರಡು ದಾರಿ ಬರೆದಿಟ್ಟಿದ್ದೇನೆ. ಆಲಿವಿಯೋ ಉಳಿಸಿಕೊಂಡು ಸೋರಾ ಆರ್3000 ಶಿಫ್ಟರ್, 9 ಸ್ಪೀಡ್ ಕ್ಯಾಸೆಟ್, ಚೈನ್ ಹಾಕುವುದು ಒಂದು. ಶಿಫ್ಟರ್, ಡಿರೇಲರ್ ಎರಡನ್ನೂ ಬದಲಿಸಿ ಜಿಆರ್‌ಎಕ್ಸ್ 400ಕ್ಕೆ ಹೋಗುವುದು ಇನ್ನೊಂದು. ಅದರಲ್ಲಿ ಕ್ಲಚ್ ಸಿಗುತ್ತದೆ, ಈಗಿನ ಕ್ಯಾಸೆಟ್ಟೇ ನಡೆಯುತ್ತದೆ, ಬ್ರೇಕ್ ಮಾತ್ರ ಆಯಿಲ್ ಬ್ರೇಕ್ ಆಗಿ ಬದಲಾಗಬೇಕು. ಆಯಿಲ್ ಬ್ರೇಕಿನ ಗಾಳಿ ತೆಗೆಯುವ ಕೆಲಸ ಕಾಕಾಗೆ ಈಗಲೇ ಕಲಿಸಿಕೊಡುವ ಮಾತಾಗಿದೆ, ಅವರೂ ಹೂಂ ಅಂದಿದ್ದಾರೆ.